ಎಲ್ಲರೂ ಆರಾಮ ಎಂದ ಬೇಸಿಗೆ

ಹೋದ ತಿಂಗಳು ಮೊಣಕಾಲು ತೋರಿಸಲೆಂದು ರಾಯಚೂರಿನ ಒಂದು ಆಸ್ಪತ್ರೆಗೆ ಹೋಗಿದ್ದೆ. ಡಾಕ್ಟರು ಚಿಕ್ಕ ವಯಸ್ಸಿನವರು, ಮಾತು ಮೆತ್ತಗೆ. ಕಾಲನ್ನು ಅತ್ತಿತ್ತ ಬಾಗಿಸಿ ನೋಡಿ, ಮೇಜಿನ ಮೇಲಿಂದ ಒಂದು ರಟ್ಟು ತೆಗೆದು ನನ್ನ ಮುಂದೆ ಹಿಡಿದರು. ಅದರ ಮೇಲೆ ಸಾಲಾಗಿ ದುಂಡು ಮುಖಗಳು. ಮೊದಲನೆಯದು ನಗುತ್ತಿತ್ತು, ಕೊನೆಯದು ಗಳಗಳ ಅಳುತ್ತಿತ್ತು, ಕೆಳಗೆ ಸೊನ್ನೆಯಿಂದ ಹತ್ತರ ತನಕ ಅಂಕಿಗಳಿದ್ದವು.

"ನಿಮ್ಮ ನೋವು ಇದರಾಗ ಎಷ್ಟನೇದ್ರಿ ಅಮ್ಮಾ?"

"ಆರಾಮ ಅದೀನ್ರಿ. ಎರಡು ಅಂತ ಬರ್ಕೋರಿ."

ಮನೆಯ ಮೆಟ್ಟಿಲು ಇಳಿಯುವಾಗ ಒಂದು ಕೈಯಲ್ಲಿ ಗೋಡೆ, ಇನ್ನೊಂದು ಕೈಯಲ್ಲಿ ಪಕ್ಕದ ಮನೆಯ ಸಕೀನಾಳ ಹೆಗಲು ಹಿಡಿದು, ಗೊತ್ತಿದ್ದ ದೇವರ ಹೆಸರನ್ನೆಲ್ಲ ಕೂಗಿ ಮುಗಿಸಿದ್ದೆ. ಆದರೂ ಬಾಯಿಂದ ಬಂದದ್ದು ಎರಡು. ಡಾಕ್ಟರು ಬರೆದುಕೊಂಡರು. ಅಷ್ಟರಲ್ಲಿ ಯಾರೋ ಕರೆದರೆಂದು "ಈಗ ಬಂದೆ" ಎನ್ನುತ್ತ ಎದ್ದು ಹೋದರು. ಪಕ್ಕದ ಕೋಣೆಯಲ್ಲಿ ಯಾರಿಗೋ ಪಟ್ಟಿ ಕಟ್ಟುತ್ತಿದ್ದರು. ಟಿಂಚರಿನ ವಾಸನೆ ಮೂಗಿಗೆ ಬಡಿಯಿತು. ಆ ರಟ್ಟು, ಆ ವಾಸನೆ ಎರಡೂ ಸೇರಿ ನನ್ನನ್ನು ಎಂಬತ್ತೆರಡರ ಬೇಸಿಗೆಗೆ ಎಳೆದುಕೊಂಡು ಹೋದವು. ಇದೇ "ಆರಾಮ"ದ ಜೊತೆ ಒಂದು ಬೇಸಿಗೆಯಿಡೀ ಗುದ್ದಾಡಿದವಳು ನಾನು. ನನಗೇ ನನ್ನ ಮೇಲೆ ಸಿಟ್ಟು ಬಂತು.

ಆಗ ರಾಯಚೂರಿನಲ್ಲಿ ರೋಗಗಳ ಸಂಶೋಧನೆಗೆಂದು ಒಂದು ಸಣ್ಣ ಯೋಜನೆ ಇತ್ತು. ಎರಡು ಕೋಣೆ, ಒಂದು ಜೀಪು, ಅದರ ಡ್ರೈವರ್ ಖಾಜಾಮಿಯಾ, ಮುಖ್ಯಸ್ಥರಾಗಿ ಡಾಕ್ಟರ್ ದೇಸಾಯಿ, ಲೆಕ್ಕ ಮಾಡಲು ನಾನು. ಮಾನ್ವಿಯ ಅಕ್ಕಿ ಗಿರಣಿಯ ಅಂಗಳದಲ್ಲಿ ಭತ್ತ ಹರವುವವಳ ಮಗಳು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದಾಳೆಂದರೆ ಆ ಕಾಲದಲ್ಲಿ ಜನ ತಿರುಗಿ ನೋಡುತ್ತಿದ್ದರು. ನಾನೂ ಸ್ವಲ್ಪ ಮೂಗು ಮೇಲೆತ್ತಿಕೊಂಡೇ ಓಡಾಡುತ್ತಿದ್ದೆ ಅನ್ನಿ.

ಅದಕ್ಕೂ ಹಿಂದಿನ ವರ್ಷ ಪಶುವೈದ್ಯರೊಬ್ಬರಿಗೆ ಲೆಕ್ಕ ಮಾಡಿಕೊಟ್ಟಿದ್ದೆ. ಚೀಕಲಪರ್ವಿ ಕಡೆ ಹೊಳೆದಂಡೆಯಲ್ಲಿ ಮೇಯುವ ಕುರಿಗಳಿಗೆ ಜಂತಿನ ಔಷಧ ಕುಡಿಸಿ, ಆಮೇಲೆ ಹಿಕ್ಕೆಯಲ್ಲಿ ಜಂತಿನ ಮೊಟ್ಟೆ ಎಣಿಸುವ ಕೆಲಸ. ಹೆಚ್ಚಿನ ಕುರಿಗಳಲ್ಲಿ ನಾಲ್ಕಾರು ಮೊಟ್ಟೆ ಸಿಕ್ಕರೆ, ಯಾವುದೋ ಒಂದರಲ್ಲಿ ಸಾವಿರಾರು. ಆ ಒಂದು ಕುರಿ ಇಡೀ ಹಿಂಡಿನ ಸರಾಸರಿಯನ್ನು ತನ್ನ ಕಡೆಗೆ ಎಳೆದುಬಿಡುತ್ತಿತ್ತು. ಅದಕ್ಕೇ ಸರಾಸರಿಯನ್ನು ಬಿಟ್ಟು, ಕುರಿಗಳನ್ನು ಕಡಿಮೆಯಿಂದ ಹೆಚ್ಚಿನವರೆಗೆ ಸಾಲಾಗಿ ಜೋಡಿಸಿ, ಔಷಧ ಕುಡಿದವು ಸಾಲಿನ ಒಂದು ತುದಿಗೆ ಸೇರಿವೆಯೋ, ಎಲ್ಲ ಕಡೆ ಬೆರೆತಿವೆಯೋ ಎಂದು ನೋಡುವ ಪರೀಕ್ಷೆ ಹಿಡಿದೆ. ಪುಸ್ತಕದಲ್ಲಿ ಇಂಥವಕ್ಕೆ ನಾನ್‌ಪ್ಯಾರಾಮೆಟ್ರಿಕ್ ಪರೀಕ್ಷೆ ಎನ್ನುತ್ತಾರೆ. ಅಂಕಿಗಳು ಯಾವ ಆಕಾರದಲ್ಲಿ ಹರಡಿಕೊಂಡಿವೆ ಎಂಬ ಉಸಾಬರಿ ಅವಕ್ಕಿಲ್ಲ. ಯಾರು ಮುಂದೆ, ಯಾರು ಹಿಂದೆ ಎಂದು ತಿಳಿದರೆ ಸಾಕು. ಕುರಿಗಳ ಲೆಕ್ಕ ಚೊಕ್ಕಟವಾಗಿ ಕೂತಿತು. ಅದನ್ನು ಕಂಡೇ ದೇಸಾಯಿಯವರು ನನ್ನನ್ನು ತಮ್ಮ ಯೋಜನೆಗೆ ಕರೆಸಿಕೊಂಡದ್ದು.

ಅವರು ಬೆನ್ನು ಹತ್ತಿದ್ದು ನಾರುಹುಣ್ಣನ್ನು. ಈಗಿನವರಿಗೆ ಅದು ಗೊತ್ತಿಲ್ಲ, ಗೊತ್ತಿಲ್ಲದಿರುವುದೇ ಒಳ್ಳೆಯದು. ಬಾವಿ ನೀರಿನ ಜೊತೆ ಕಣ್ಣಿಗೆ ಕಾಣದ ಮರಿಹುಳ ಹೊಟ್ಟೆಗೆ ಹೋಗುತ್ತದೆ. ವರ್ಷದ ತನಕ ಸುದ್ದಿಯಿಲ್ಲ. ಆಮೇಲೊಂದು ದಿನ ಕಾಲಲ್ಲಿ ಬೊಬ್ಬೆ ಎದ್ದು ಬೆಂಕಿ ಇಟ್ಟ ಹಾಗೆ ಉರಿಯುತ್ತದೆ. ಉರಿ ತಾಳದೆ ಜನ ಮೆಟ್ಟಿಲ ಬಾವಿಗೆ ಇಳಿದು ಕಾಲು ನೀರಿಗೆ ಇಡುತ್ತಾರೆ. ಬೊಬ್ಬೆ ಒಡೆದು ಬಿಳಿ ದಾರದಂಥ ಹುಳ ಹೊರಗೆ ತಲೆ ಹಾಕಿ ಅದೇ ನೀರಿಗೆ ಮರಿ ಬಿಡುತ್ತದೆ, ಅದೇ ನೀರನ್ನು ಊರು ಕುಡಿಯುತ್ತದೆ. ಹುಳವನ್ನು ಹತ್ತಿಕಟ್ಟಿಗೆಯ ಚೂರಿಗೆ ಸುತ್ತಿ ದಿನಾ ಒಂದಿಷ್ಟೇ ಎಳೆಯಬೇಕು. ಅವಸರ ಮಾಡಿ ಹರಿದರೆ ಕಾಲು ಬಾತು ಕೀವು ತುಂಬುತ್ತದೆ.

ದೇಸಾಯಿಯವರ ಕೈಗೆ ಒಂದು ಹೊಸ ಗುಳಿಗೆ ಬಂದಿತ್ತು. ನೋವು ಇಳಿಸಿ ಹುಳವನ್ನು ಬೇಗ ಹೊರಗೆ ತರುತ್ತದೆಂದು ಅವರ ಆಸೆ. ಮಳೆಗಾಲಕ್ಕೆ ಮುಂಚೆ ರಾಯಚೂರಿನಲ್ಲಿ ಅಧಿಕಾರಿಗಳ ಸಭೆ ಇತ್ತು. ಗುಳಿಗೆ ಕೆಲಸ ಮಾಡುತ್ತದೆ ಎಂದು ನಾವು ಹೇಳಿದರೆ ಆ ವರ್ಷದ ಅನುದಾನವೆಲ್ಲ ಗುಳಿಗೆಗೆ. ಇಲ್ಲವೆಂದರೆ ಬಾವಿಗಳ ಮೆಟ್ಟಿಲು ಮುಚ್ಚಿ ಕೈಪಂಪಿನ ಬೋರಿಂಗ್ ಹಾಕಿಸುವುದಕ್ಕೆ. ಎರಡರಲ್ಲಿ ಒಂದೇ. ಗುಳಿಗೆ ಸುಳ್ಳಾಗಿ ಬಾವಿ ಹಾಗೇ ಉಳಿದರೆ ಮುಂದಿನ ಬೇಸಿಗೆಗೆ ಮತ್ತೆ ಅಷ್ಟೇ ಕಾಲುಗಳಲ್ಲಿ ಹುಳ ಏಳುವುದು ಖಂಡಿತವಾಗಿತ್ತು.

ನಾವು ಹಿಡಿದ ಹಳ್ಳಿ ದೇವದುರ್ಗದಿಂದ ಗೂಗಲ್ ಎಂಬ ಊರಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುತ್ತಿತ್ತು. ಹೆಸರು ಬೇಡ. ಅಲ್ಲಿಯವರಿಗೆ ಈಗ ಆ ಮಾತು ತೆಗೆದರೆ ಹಿಡಿಸುವುದಿಲ್ಲ. ಕೂಲಿಕಾರರ ಒಂದು ಓಣಿಯಲ್ಲೇ ಮನೆಗೊಬ್ಬರು ಕಾಲಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದರು. ಎಲ್ಲರಿಗೂ ಸಾಲುವಷ್ಟು ಗುಳಿಗೆ ಇರಲಿಲ್ಲ. ಚೀಟಿ ಎತ್ತಿಸಿ ಅರ್ಧ ಮಂದಿಗೆ ಗುಳಿಗೆ ಮತ್ತು ಪಟ್ಟಿ, ಉಳಿದರ್ಧಕ್ಕೆ ಬರೀ ಪಟ್ಟಿ ಎಂದು ಮಾಡಿದೆವು.

ನನ್ನ ಲೆಕ್ಕ ಸರಳವಾಗಿತ್ತು. ಒಬ್ಬರ "ಬಹಳ"ಕ್ಕೆ ಇನ್ನೊಬ್ಬರ "ಸ್ವಲ್ಪ" ಕೂಡಿಸಿ ಭಾಗಿಸಲು ಬರುವುದಿಲ್ಲ. ಅದಕ್ಕೇ ಗುಳಿಗೆಗೆ ಮೊದಲು ಒಮ್ಮೆ ಕೇಳುವುದು, ಕೆಲವು ದಿನ ಬಿಟ್ಟು ಮತ್ತೊಮ್ಮೆ ಕೇಳುವುದು. ನೋವು ಇಳಿದಿದ್ದರೆ ಕೂಡುವ ಗುರುತು, ಏರಿದ್ದರೆ ಕಳೆಯುವ ಗುರುತು. ಗುಳಿಗೆಯಿಂದ ಏನೂ ಆಗದಿದ್ದರೆ ಆ ಗುರುತುಗಳು ನಾಣ್ಯ ಚಿಮ್ಮಿದಂತೆ ಸುಮಾರು ಅರ್ಧಕ್ಕರ್ಧ ಬೀಳಬೇಕು.

ಮೊದಲ ಸಲ, ಔಷಧ ಸಿಗಲೆಂದು, ಎಲ್ಲರೂ ನೋವು ಬಹಳ ಎಂದೇ ಹೇಳಿದ್ದರು. ಎರಡನೇ ಸಲ ಕೇಳಲು ಹೋದಾಗ ಬಿಸಿಲು ತಲೆ ಸೀಳುತ್ತಿತ್ತು. ಮೊದಲ ಮನೆ ಹನುಮವ್ವನದು. ನನ್ನ ಅವ್ವನ ವಯಸ್ಸಿನ ಹೆಂಗಸು, ಮೂರು ವರ್ಷದಿಂದ ಬಿಡದೆ ಹುಳ. ಈ ಸಲ ಪಾದದ ಗಂಟಿನಲ್ಲಿ ಬಂದಿತ್ತು. ನಮ್ಮನ್ನು ಕಂಡವಳೇ ಕಂಬ ಹಿಡಿದು ಎದ್ದು ಸೆರಗು ಸರಿ ಮಾಡಿಕೊಂಡಳು.

"ಬರ್ರಿ ಯಪ್ಪಾ, ನೆಳ್ಳಿಗೆ ಬರ್ರಿ. ಕುಂದರ್ರಿ."

"ನೋವು ಹೆಂಗದವ್ವಾ?" ದೇಸಾಯಿಯವರು ಕೇಳಿದರು.

"ಆರಾಮ ಅದ್ರಿ. ನಿಮ್ಮ ಪುಣ್ಯೇಲೆ ಆರಾಮ ಅದ್ರಿ."

ಪಕ್ಕದ ಮನೆ ಮಲ್ಲಮ್ಮನದು. "ಆರಾಮ ಅದ್ರಿ." ಅದರಾಚೆ ಮನೆಯಲ್ಲೂ ಆರಾಮ. ಗುಳಿಗೆ ನುಂಗಿದವರು ಒಬ್ಬರೂ ತಪ್ಪದೆ ಆರಾಮ. ಪಟ್ಟಿ ಮಾತ್ರ ಕಟ್ಟಿಸಿಕೊಂಡವರನ್ನು ಕೇಳಿದರೆ, "ಗುಳಿಗಿ ಕೊಟ್ಟಿಲ್ಲಲ್ರಿ ನಮಗ, ಹೆಂಗ ಆರಾಮ ಆಕ್ಕದ? ಹೆಚ್ಚೇ ಆಗ್ಯಾದ" ಎಂದರು. ಓಣಿ ಮುಗಿಯುವ ಹೊತ್ತಿಗೆ ಒಂದು ಕಡೆ ಎಲ್ಲಾ ಕೂಡುವ ಗುರುತು, ಇನ್ನೊಂದು ಕಡೆ ಎಲ್ಲಾ ಕಳೆಯುವ ಗುರುತು. ಅಷ್ಟು ಶುದ್ಧವಾದ ಫಲಿತಾಂಶವನ್ನು ನಾನು ಪುಸ್ತಕದ ಉದಾಹರಣೆಗಳಲ್ಲೂ ಕಂಡಿರಲಿಲ್ಲ.

ಜೀಪಿನಲ್ಲಿ ದೇಸಾಯಿಯವರ ಮುಖ ಅರಳಿತ್ತು. ಕೆಟ್ಟ ಮನುಷ್ಯರಲ್ಲ ಅವರು. ಅಂಗಳದಲ್ಲಿ ತೆವಳುವ ಜನರನ್ನು ಕಂಡು ಕಂಡು ಬೇಸತ್ತು, ಗುಳಿಗೆ ಗೆಲ್ಲಲಿ ಎಂದು ಮನಸಾರೆ ಬಯಸಿದವರು.

"ವರದಿ ಬರದುಬಿಡು ಶಾಂತಾ. ನಿನ್ನ ಪರೀಕ್ಷಿನ ಹೇಳಾಕತ್ತದ."

ಹನುಮವ್ವ ಸೆರಗು ಸರಿ ಮಾಡಿಕೊಂಡ ಆ ಗತ್ತು, ಆ ಮಾತು ನನಗೆ ಚಿಕ್ಕಂದಿನಿಂದ ಗೊತ್ತಿದ್ದದ್ದು. ಗಿರಣಿ ಸಾವುಕಾರರು ಅಂಗಳಕ್ಕೆ ಬಂದು "ಏನವ್ವಾ, ಹೆಂಗದೀ?" ಎಂದಾಗಲೆಲ್ಲ ನನ್ನ ಅವ್ವ ನೆಟ್ಟಗಾಗದ ಬೆನ್ನನ್ನು ನೆಟ್ಟಗೆ ಮಾಡಿ, ಸೆರಗು ಹೊದ್ದು, "ಆರಾಮ ಅದೀನ್ರಿ" ಎನ್ನುತ್ತಿದ್ದಳು. ಅವರು ಆಚೆ ಹೋದ ಮೇಲೆ ಗೋಡೆಗೆ ಒರಗಿ ಕೆಮ್ಮುತ್ತಿದ್ದಳು. ಮನೆ ಬಾಗಿಲಿಗೆ ದೊಡ್ಡವರು ಬಂದು ಕೇಳಿದ ಮೇಲೆ ನೋವಿದೆ ಎನ್ನುವುದು ನಮ್ಮಲ್ಲಿ ಮರ್ಯಾದೆಯಲ್ಲ. ಅದರಲ್ಲೂ ಪುಕ್ಕಟೆ ಔಷಧ ಕೊಟ್ಟವರಿಗೆ ಹಾಗೆ ಹೇಳಿದರೆ ಉಂಡ ಮನೆಯ ಊಟ ಚೆನ್ನಾಗಿರಲಿಲ್ಲ ಎಂದಂತೆ. ಗುಳಿಗೆ ಸಿಗದವರ ಮೇಲೆ ಆ ಋಣ ಇರಲಿಲ್ಲ, ಅವರು ದೂರು ಹೇಳಿದರು.

"ಸರ್, ಇದು ಗುಳಿಗಿ ಮಾತಲ್ಲ, ಮರ್ಯಾದಿ ಮಾತು," ಎಂದೆ.

"ಅಂದ್ರ? ಇಷ್ಟು ಕೂಡೋ ಗುರುತು ಹಂಗ ಸುಮ್ಮನ ಬೀಳತಾವೇನು? ನಾಣ್ಯ ಚಿಮ್ಮಿ ನೋಡು ಅಂತ ನೀನ ಹೇಳೀದಿ."

"ನಾಣ್ಯಕ್ಕ ಮರ್ಯಾದಿ ಗೊತ್ತಿಲ್ಲ ಸರ್. ಕುರಿಗೂ ಗೊತ್ತಿಲ್ಲ. ಇವರಿಗೆ ಗೊತ್ತದ."

ಅವರು ಮುಖ ತಿರುಗಿಸಿಕೊಂಡರು. ರಾಯಚೂರಿನಲ್ಲಿ ಇಳಿಯುವಾಗ ಅಂದರು: "ನಾ ಈಗಾಗಲೇ ಮೇಲಿನವರಿಗೆ ಗುಳಿಗಿ ಚೊಲೊ ಅದ ಅಂತ ಹೇಳೀನಿ. ಸಭಾ ಮುಂದಿನ ವಾರ ಅದ. ಆ ದಿನ ಬೆಳಿಗ್ಗೆ ತನಕ ಏನಾದರೂ ತೋರಸೋದಿದ್ರ ತೋರಸು. ಇಲ್ಲಂದ್ರ ಸಹಿ ಮಾಡು."

ಆ ವಾರ ಅನ್ನ ರುಚಿಸಲಿಲ್ಲ. ನನ್ನ ಪರೀಕ್ಷೆಗಳು ಅಂಕಿಗಳ ಆಕಾರ ಕೇಳುವುದಿಲ್ಲ ನಿಜ, ಆದರೆ ಗುರುತು ಸತ್ಯವಾಗಿರಬೇಕು ಎಂಬುದೊಂದನ್ನು ಕೇಳುತ್ತವೆ. ಆ ಸತ್ಯವನ್ನು ಯಾರ ಬಾಯಿಂದ ತೆಗೆಯುವುದು? ಖಾಜಾಮಿಯಾನನ್ನು ಕಾಡಿ ಬೇಡಿ ಮತ್ತೆ ಆ ಹಳ್ಳಿಗೆ ಹೋದೆ, ಈ ಸಲ ಡಾಕ್ಟರಿಲ್ಲದೆ. ಡಾಕ್ಟರಿಲ್ಲದಿದ್ದರೂ ಉತ್ತರ ಬದಲಾಗಲಿಲ್ಲ. ನಾನೂ ಜೀಪಿನಿಂದ ಇಳಿದವಳೇ ತಾನೆ. "ಆರಾಮ ಅದೀವ್ರಿ ಅಕ್ಕೋರೇ." ಸಿಟ್ಟು ನೆತ್ತಿಗೇರಿ ಹನುಮವ್ವನ ಕಟ್ಟೆಯ ಮೇಲೆ ಕುಕ್ಕರಿಸಿದೆ. ಆಕೆ ನೀರಿನ ಚೊಂಬು ತರಲು ಎದ್ದಳು, ಏಳಲಾಗದೆ ಮತ್ತೆ ಕೂತಳು.

ಸುಮ್ಮನಿರಲಾರದೆ, ಮಾತಿಗೆಂದು ಕೇಳಿದೆ: "ಮಲ್ಲಮ್ಮ ಹೆಂಗದಾಳ?"

"ಯಾರು, ಆಕಿನಾ?" ಹನುಮವ್ವನ ದನಿಯೇ ಬದಲಾಯಿತು. "ಆಕಿ ಎಲ್ಲಿ ಆರಾಮ ಅದಾಳ ತಂಗೀ! ನಿನ್ನೆ ರೊಟ್ಟಿ ಸುಡಾಕ ಕುಂತಾಕಿ ಏಳಾಕ ಬರಲಾರದ ಒಲಿ ಮುಂದನ ಅತ್ತಾಳ. ನಾನ ಹೋಗಿ ಬಗಲಿಗೆ ಕೈ ಕೊಟ್ಟು ಎಬ್ಬಿಸೀನಿ. ನಿಮ್ಮ ಮುಂದ ಆರಾಮ ಅಂತಾಳ, ಸೊಕ್ಕಿನಾಕಿ!"

ನೇರ ಮಲ್ಲಮ್ಮನ ಮನೆಗೆ ಹೋದೆ. "ಹನುಮವ್ವ ಹೆಂಗದಾಳ?"

"ಅಯ್ಯ ಆಕಿದೇನ್ ಕೇಳ್ತೀರಿ! ಬಾವಿತನಕ ಹೋಗಬೇಕಂದ್ರ ಎರಡು ಕಡಿ ಕುಂದರತಾಳ. ಕೊಡ ನಾನ ತಂದು ಹಾಕಾಕತ್ತೀನಿ. ನಾ ಹೇಳೀನಿ ಅಂತ ಆಕಿ ಮುಂದ ಅನಬ್ಯಾಡ್ರಿ."

ತಮ್ಮ ನೋವಿಗೆ ಸೆರಗು ಮುಚ್ಚಿದವರು ಪಕ್ಕದ ಮನೆಯವರ ನೋವನ್ನು ಎಳೆ ಎಳೆಯಾಗಿ ಬಿಚ್ಚಿ ಇಟ್ಟರು. ಒಂದೇ ತೊಡಕೆಂದರೆ ಎಲ್ಲರೂ ತಮಗಿಂತ ಪಕ್ಕದವರಿಗೇ ಹೆಚ್ಚು ಎನ್ನುತ್ತಿದ್ದರು. ಅದಕ್ಕೂ ದಾರಿ ಸಿಕ್ಕಿತು. ಹೇಳುವವರನ್ನೇ ಹೋಲಿಕೆಯಿಂದ ಹೊರಗಿಟ್ಟು, "ನಿನ್ನ ಎಡಗಡಿ ಮನಿಯವರಿಗೆ ಹೆಚ್ಚೋ, ಬಲಗಡಿ ಮನಿಯವರಿಗೆ ಹೆಚ್ಚೋ?" ಎಂದು ಕೇಳತೊಡಗಿದೆ. ಎದುರು ಮನೆಯವರನ್ನೂ ಹಾಗೆಯೇ. ಯಾರು ಹೊಲಕ್ಕೆ ಹೋದರು, ಯಾರನ್ನು ಎತ್ತಿ ಕೂರಿಸಬೇಕು, ಯಾರ ನರಳಾಟ ಗೋಡೆಯಾಚೆ ಕೇಳುತ್ತದೆ ಎಂದೆಲ್ಲ ತೂಗಿ ನೋಡಿ ಅವರು ತೀರ್ಪು ಕೊಟ್ಟರು. ಎಷ್ಟು ಎಂದು ಯಾರೂ ಹೇಳಲಿಲ್ಲ, ನನಗೆ ಬೇಕೂ ಇರಲಿಲ್ಲ. ಯಾರಿಗಿಂತ ಯಾರಿಗೆ ಹೆಚ್ಚು ಎಂಬುದು ಸಾಕಿತ್ತು. ಜೋಡಿ ಜೋಡಿಯಾಗಿ ಹೋಲಿಸುತ್ತ ಇಡೀ ಓಣಿಯನ್ನು ಒಂದು ಸಾಲಿಗೆ ತಂದೆ.

ಸಭೆಯ ದಿನ ಬೆಳಿಗ್ಗೆ ದೇಸಾಯಿಯವರು ಕಚೇರಿಗೆ ಬಂದಾಗ ನಾನು ಪಡಸಾಲೆಯ ಹಾಸುಗಲ್ಲಿನ ಮೇಲೆ ಬೀಜ ಜೋಡಿಸಿ ಮುಗಿಸಿದ್ದೆ. ಗುಳಿಗೆ ನುಂಗಿದವರಿಗೆ ಕರಿ ಹುಣಸೆ ಬೀಜ, ನುಂಗದವರಿಗೆ ಬಿಳಿ ನಾರಿನ ಹತ್ತಿ ಬೀಜ. ಎಡ ತುದಿಯಲ್ಲಿ ನೋವು ಎಲ್ಲಕ್ಕಿಂತ ಕಡಿಮೆ ಇದ್ದವರು, ಬಲ ತುದಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಇದ್ದವರು.

"ಗುಳಿಗಿ ಕೆಲಸ ಮಾಡಿದ್ರ ಹುಣಸಿ ಬೀಜೆಲ್ಲ ಎಡಕ್ಕ ಸರೀಬೇಕಿತ್ತು ಸರ್."

ಕರಿ ಬೀಜ, ಬಿಳಿ ಬೀಜ, ಎರಡು ಕರಿ, ಮತ್ತೆ ಬಿಳಿ. ಉದ್ದಕ್ಕೂ ಬೆರೆತುಹೋಗಿದ್ದವು. ಒಳಗೆ ಲೆಕ್ಕವನ್ನೂ ಕಟ್ಟಿಟ್ಟಿದ್ದೆ, ಅದು ಹೇಳಿದ್ದೂ ಇದನ್ನೇ. ಅವರು ನಿಂತೇ ನೋಡಿದರು. ಕೈಯಲ್ಲಿ ಸಹಿಗೆ ಕಾದಿದ್ದ ವರದಿ ಇತ್ತು.

"ಈ ಸಾಲು ಎಲ್ಲಿಂದ ಬಂತು?"

"ಪಕ್ಕದ ಮನಿಯವರನ್ನ ಕೇಳಿದೆ."

"ಓಣಿ ಹೆಣ್ಣುಮಕ್ಕಳ ಮಾತು ತಗೊಂಡು ಸಭಾದಾಗ ಓದ್ಲೇನು? ವಿಜ್ಞಾನ ಅಂತಾರೇನು ಇದಕ್ಕ?" ಕೆಲಸ ಹೋಯಿತು ಎಂದೇ ತಿಳಿದೆ.

"ಸರ್, ನಿಮ್ಮ ಹೊಟ್ಟಿನೋವು ಹೆಂಗದ?" ಎಂದೆ. ಜೀಪಿನಲ್ಲಿ ಅವರು ಆಗಾಗ ಹೊಟ್ಟೆ ಒತ್ತಿಕೊಳ್ಳುವುದನ್ನು ಕಂಡಿದ್ದೆ.

"ನನಗೇನಾಗ್ಯಾದ? ಆರಾಮ ಅದೀನಿ."

ನಾನು ಜೀಪು ಒರೆಸುತ್ತಿದ್ದ ಖಾಜಾಮಿಯಾನ ಕಡೆ ತಿರುಗಿದೆ. "ಸಾಹೇಬರ ಹೊಟ್ಟಿನೋವು ಹೆಂಗದ ಖಾಜಾಮಿಯಾ?"

ಆತ ಸಾಹೇಬರನ್ನು ನೋಡಿದ, ನನ್ನನ್ನು ನೋಡಿದ. ಬಟ್ಟೆ ಹಿಂಡುತ್ತ ನಿಧಾನಕ್ಕೆ ಅಂದ: "ಏನ್ ಹೇಳ್ಲಿ ಮೇಡಂ. ಹಳ್ಳಿಗಳ ದೌರಾಕ್ಕ ಹೋದಾಗೆಲ್ಲ ಬುತ್ತಿ ನನಗ ಕೊಟ್ಟು ತಾವು ಬರೀ ಸೋಡಾ ಕುಡೀತಾರ. ಮೊನ್ನಿ ಹಿರೇಕೊಟ್ನೆಕಲ್ ಹತ್ರ ಗಾಡಿ ನಿಲ್ಲಿಸಿ, ಹಿಂದಿನ ಸೀಟಿನ್ಯಾಗ ಹೊಟ್ಟಿ ಹಿಡ್ಕೊಂಡು ಹೊಳ್ಳಾಡಿದ್ರು. ಯಾರ ಮುಂದೂ ಹೇಳಬ್ಯಾಡ ಅಂದಾರ್ರಿ."

ದೇಸಾಯಿಯವರು ಪಡಸಾಲೆಯ ಅಂಚಿಗೆ ಕೂತರು. ಒಂದು ಹುಣಸೆ ಬೀಜ ಎತ್ತಿ ಹಿಡಿದು, ಮತ್ತೆ ಅದರ ಜಾಗದಲ್ಲೇ ಇಟ್ಟರು. ಆಮೇಲೆ ವರದಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು, "ನಿನ್ನ ಲೆಕ್ಕದ ಹಾಳಿ ಕೊಡು" ಎಂದರು.

ಸಭೆಗೆ ನನಗೆ ಪ್ರವೇಶವಿರಲಿಲ್ಲ. ಹೊರಗೆ ಬೇವಿನ ಮರದ ಕೆಳಗೆ ಖಾಜಾಮಿಯಾನ ಜೊತೆ ನಿಂತೆ. ಪಡುವಣಕ್ಕೆ ಮೋಡ ಕಟ್ಟಿತ್ತು, ಗಾಳಿ ಇರಲಿಲ್ಲ. ಒಳಗಿಂದ ಒಮ್ಮೆ ದೊಡ್ಡದಾಗಿ ನಗು ಕೇಳಿತು. ಅವರು ಹೊರಬಂದಾಗ ಮುಖ ಬೂದಿಯಾಗಿತ್ತು.

"ಏನಾಯ್ತು ಸರ್?"

"ಮೊದಲ ನಕ್ಕರು. ಪಕ್ಕದ ಮನಿಯವರನ್ನ ಕೇಳಿದೆವು ಅಂದಾಗ." ಅವರು ಬೆವರು ಒರೆಸಿಕೊಂಡರು. "ನಾ ಕುಂದರಲಿಲ್ಲ. ಗುಳಿಗಿ ಬ್ಯಾಡ, ಬಾವಿ ಮುಚ್ಚಸ್ರಿ ಅಂದೆ. ಮುಚ್ಚಸ್ತಾರ."

ಇದನ್ನು ಕೇಳಿ ಹಳ್ಳಿಯವರು ನನಗೆ ಆರತಿ ಎತ್ತಿದರು ಎಂದುಕೊಳ್ಳಬೇಡಿ. ಗುಳಿಗೆ ನಿಂತಿತೆಂದು ಹನುಮವ್ವ ಓಣಿಯ ಬಾಯಲ್ಲೇ ನನ್ನನ್ನು ಹಿಡಿದು ಬೈದಳು. "ಕೊಡೋರು ಕೊಡತಿದ್ರು, ನೀ ಬಂದು ಕಸಗೊಂಡಿ." ಆಕೆಯ ಮಟ್ಟಿಗೆ ಅದು ನ್ಯಾಯವೇ ಆಗಿತ್ತು. ಆ ವರ್ಷದ ಬಿತ್ತನೆಗೆ ಆಕೆ ಕಾಲು ಕಟ್ಟಿಕೊಂಡೇ ಹೋದಳು. ಮಳೆ ನಿಂತ ಮೇಲೆ ಮೆಟ್ಟಿಲಿಗೆ ಗೋಡೆ ಎದ್ದಿತು, ಬೋರಿಂಗ್ ಬಿತ್ತು. ಅದಕ್ಕೂ ಹಿಂದೆ ಕುಡಿದ ನೀರಿನ ಹುಳ ಮುಂದಿನ ಬೇಸಿಗೆಗೂ ಎದ್ದವು. ಅದರ ಮುಂದಿನ ಬೇಸಿಗೆ ಹೋದಾಗ ಓಣಿಯಲ್ಲಿ ಕಾಲು ಕಟ್ಟಿಕೊಂಡು ಕೂತವರು ಕಾಣಲಿಲ್ಲ. ಹನುಮವ್ವನ ಬಾಗಿಲಿಗೆ ಬೀಗ ಇತ್ತು. ಮಲ್ಲಮ್ಮನನ್ನು ಕೇಳಿದೆ.

"ಆಕಿನಾ? ಹೊತ್ತು ಏಳೂದ್ರಾಗ ನನಗಿಂತ ಮುಂದ ಹೊಲಕ್ಕ ಓಡತಾಳ. ನೋಡಿದ್ರ ಹೊಟ್ಟಿಕಿಚ್ಚಾಕ್ಕದ."

ಜೀಪಿಗೆ ಬಂದು ಕೂತು ಅತ್ತೆ. ಸಂತೋಷಕ್ಕೆ.

ಆದರೆ ಆ ಬೇಸಿಗೆಯ ನಿಜವಾದ ಏಟು ಬಿದ್ದದ್ದು ಸಭೆ ಮುಗಿದ ವಾರವೇ. ಮಾನ್ವಿಗೆ ಹೋದೆ. ಅವ್ವ ಎಂದಿನಂತೆ "ಆರಾಮ ಅದೀನಿ ಮಗಳ, ನೀ ಉಣ್ಣು" ಎಂದಳು. ಉಂಡು ಕೈ ತೊಳೆದು, ಏನೋ ನೆನಪಾಗಿ, ಪಕ್ಕದ ಮನೆಯ ಗಂಗಮ್ಮನ ಬಾಗಿಲಿಗೆ ಹೋಗಿ ನಿಂತೆ.

"ಗಂಗತ್ತಿ, ನಮ್ಮವ್ವ ಹೆಂಗದಾಳ?"

ಆಕೆ ಮೊರ ಕೆಳಗಿಟ್ಟಳು. "ನೀ ಕೇಳ್ತಿ ಅಂತ ಎರಡು ವರ್ಷದಿಂದ ಕಾಯಾಕತ್ತೀನಿ," ಎಂದಳು.

ಗಿರಣಿಯ ಧೂಳಿನಿಂದ ಅವ್ವನ ಎದೆ ಕೆಟ್ಟಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿಯೇ ಕಣ್ಣು ಮುಚ್ಚುತ್ತಿದ್ದಳು. ಮರುದಿನವೇ ರಾಯಚೂರಿಗೆ ಕರೆತಂದೆ, ಗಿರಣಿ ಬಿಡಿಸಿದೆ. ಆಮೇಲೆ ಕೆಲವು ವರ್ಷ ನನ್ನ ಜೊತೆ ಇದ್ದಳು. ಅವಳ ಔಷಧದ ಪ್ರಮಾಣ ಬದಲಿಸುವಾಗೆಲ್ಲ, ಅವಳನ್ನು ನೋಡಿಕೊಳ್ಳುತ್ತಿದ್ದ ದೇಸಾಯಿಯವರು ಅವಳನ್ನು ಬಿಟ್ಟು ನನ್ನನ್ನು ಕೇಳುತ್ತಿದ್ದರು.

ಆಸ್ಪತ್ರೆಯ ಕೋಣೆಯ ಬಾಗಿಲು ತೆರೆಯಿತು. ಚಿಕ್ಕ ಡಾಕ್ಟರು ಬಂದು ಕೂತು, ಬರೆದದ್ದರ ಮೇಲೆ ಕಣ್ಣಾಡಿಸಿ, "ಎರಡೇ ಅಂದ್ರ ಚಿಂತಿ ಇಲ್ಲ ಬಿಡ್ರಿ, ಒಂದು ಮುಲಾಮು ಸಾಕು" ಎನ್ನುತ್ತ ಪೆನ್ನು ತೆಗೆದರು.

"ಆ ಎರಡು ಹೊಡದು ಹಾಕ್ರಿ," ಎಂದೆ.

"ಮತ್ತ ಎಷ್ಟಂತ ಬರೀಲ್ರಿ?"

"ನನ್ನ ಕೇಳಬ್ಯಾಡ್ರಿ. ಹೊರಗ ಬೆಂಚಿನ ಮ್ಯಾಲ ನಮ್ಮ ಪಕ್ಕದ ಮನಿ ಸಕೀನಾ ಕುಂತಾಳ. ಆಕಿನ್ನ ಒಳಗ ಕರೀರಿ."